ಕಲಿತ ಕೈಗೆ ಸಲ್ಲಬೇಕಾದ ಪಾಲು

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಸದಾಗಿ ಸೇರುವ ಹೆಣ್ಣುಮಕ್ಕಳಿಗೆ ಮಷಿನ್ ಕಲಿಸುವುದು ನನ್ನ ಕೆಲಸ. ಮೊದಲಿಗೆ ಸೂಜಿಗೆ ದಾರವನ್ನೇ ಪೋಣಿಸುವುದಿಲ್ಲ. ಕಾಗದದ ಮೇಲೆ ಗೆರೆ ಎಳೆದು, ಬರೀ ಸೂಜಿಯನ್ನು ಅದರ ಮೇಲೆ ಓಡಿಸು ಅನ್ನುತ್ತೇನೆ. ನೇರ ಗೆರೆ ಪಳಗಿದ ಮೇಲೆ ಮೂಲೆ. ಸೂಜಿ ಕೆಳಗಿಳಿದಿರುವಾಗಲೇ ನಿಲ್ಲಿಸಬೇಕು, ಬಟ್ಟೆ ಒತ್ತಿ ಹಿಡಿಯುವ ಫುಟ್ಟನ್ನು ಮೊಣಕಾಲಿನಿಂದ ಎತ್ತಬೇಕು, ಆಮೇಲೆ ತಿರುಗಿಸಬೇಕು. ಕಾಲರ್‌ನ ತುದಿ ಚೂಪಾಗಿ ಬರುವುದು ಈ ತಿರುವಿನಲ್ಲೇ. ಕೆಲವು ತಿಂಗಳಾದರೆ ಮಷಿನ್‌ನ ಸದ್ದು ಕೇಳಿಯೇ ಏನೋ ಎಡವಟ್ಟಾಗಿದೆ ಎಂದು ಕಲಿತವಳಿಗೆ ತಿಳಿಯುತ್ತದೆ.

ಆ ವಿದ್ಯೆ ಯಾರದು? ಮಷಿನ್ ಮಾಲೀಕರದು, ಬಟ್ಟೆ ಅವರದು, ಅವಳ ಎಂಟು ಗಂಟೆಯ ಹೊತ್ತನ್ನೂ ಸಂಬಳ ಕೊಟ್ಟು ಪಡೆದಿದ್ದಾರೆ. ಆದರೆ ಕೈಗೆ ಹತ್ತಿದ್ದು ಸಂಜೆ ಅವಳ ಜೊತೆಗೇ ಮನೆಗೆ ಹೋಗುತ್ತದೆ. "ಇಲ್ಲಿ ಕಲಿತು ಪಕ್ಕದ ಫ್ಯಾಕ್ಟರಿಗೆ ಹೋಗುತ್ತಾರೆ" ಎಂಬ ದೂರು ನಾನು ಸದಾ ಕೇಳುವಂಥದ್ದು.

ಬಾಂಗ್ಲಾದೇಶದ ಕಥೆ ಈ ದೂರಿಗೆ ಉತ್ತರ ಕೊಡುತ್ತದೆ. 1979ರಲ್ಲಿ ದೇಶ್ ಗಾರ್ಮೆಂಟ್ಸ್ ಎಂಬ ಕಂಪನಿ 130 ಜನರನ್ನು ದಕ್ಷಿಣ ಕೊರಿಯಾದ ಬುಸಾನ್‌ಗೆ, ಡೇವೂ ಕಂಪನಿಯಲ್ಲಿ ಕಲಿತು ಬರಲು ಕಳಿಸಿತು. ಕೊರಿಯಾದ ಉಡುಪಿಗೆ ಶ್ರೀಮಂತ ದೇಶಗಳು ಕೋಟಾ ಹಾಕಿದ್ದವು, ಬಾಂಗ್ಲಾಕ್ಕೆ ಆ ಕಟ್ಟು ಇರಲಿಲ್ಲ. ಡೇವೂ ಕಲಿಸಲು ಒಪ್ಪಿದ್ದು ಅದಕ್ಕೇ. ಕಲಿತು ಬಂದವರಲ್ಲಿ 115 ಮಂದಿ ಮುಂದಿನ ವರ್ಷಗಳಲ್ಲಿ ದೇಶ್ ಬಿಟ್ಟು ಹೋದರು. ಎಷ್ಟೋ ಮಂದಿ ತಮ್ಮದೇ ಫ್ಯಾಕ್ಟರಿ ತೆರೆದರು. ಅದರಿಂದ ದೇಶ್ ಮುಳುಗಲಿಲ್ಲ, ಅದರ ಉತ್ಪಾದನೆಯೂ ಬೆಳೆಯಿತು. ಈಗ ಆ ದೇಶದ ರಫ್ತಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಉಡುಪಿನದು. ವಿದ್ಯೆ ದಾಸೋಹದ ಪದಾರ್ಥ. ಹಂಚಿದಷ್ಟೂ ಹೆಚ್ಚುತ್ತದೆ ಎಂದು ನಾನು ನಂಬಿರುವುದು ಹೀಗೆ.

ಆದರೆ ವಿದ್ಯೆ ಹೆಚ್ಚಿತು ಅಂದಮಾತ್ರಕ್ಕೆ ಕೂಲಿ ತಾನಾಗಿ ಏರುವುದಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಾಗ, ಅಲ್ಲಿ ಗಾರ್ಮೆಂಟ್ಸ್‌ನ ಕನಿಷ್ಠ ವೇತನ ತಿಂಗಳಿಗೆ 3,000 ಟಾಕಾ. ಅದು 5,300 ಆದದ್ದು ಅಷ್ಟು ಹೆಣ ಬಿದ್ದು, ಜನ ಬೀದಿಗಿಳಿದ ಮೇಲೆ. ಕೊರಿಯಾದಲ್ಲೂ ಕಾರ್ಮಿಕ ಕಾನೂನು ಕಾಗದದಲ್ಲಷ್ಟೇ ಇತ್ತು. ಅದನ್ನು ಪಾಲಿಸಿ ಎಂದು ಸೋಲ್‌ನ ಬಟ್ಟೆ ಕತ್ತರಿಸುವ ಕೆಲಸಗಾರ, 22 ವರ್ಷದ ಜೊನ್ ತೇ-ಇಲ್ 1970ರ ನವೆಂಬರ್‌ನಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ.

ಕೂಲಿಯ ಮಾತು ಬಂದ ಹೊತ್ತಿನಲ್ಲಿ ನಮ್ಮವರು ಧರ್ಮದ ಮಾತು ಎತ್ತುತ್ತಾರೆ: ಕೆಲಸ ಮಾಡು, ಫಲದ ಆಸೆ ಬೇಡ. ಈ ಉಪದೇಶ ಮಷಿನ್ ಮುಂದೆ ಕೂತವಳಿಗೆ ಮಾತ್ರ ಯಾಕೆ? ಫಲ ಬಿಡಬೇಕಾದರೆ ಮೊದಲು ಅದು ಕೈಗೆ ಬಂದಿರಬೇಕು. ಕೈಗೇ ಬಾರದ್ದನ್ನು ಬಿಟ್ಟರೆ ಅದು ತ್ಯಾಗವಾಗುವುದಿಲ್ಲ, ಅವಳ ಪಾಲನ್ನು ಇನ್ನೊಬ್ಬರು ಉಂಡರು ಎಂದಷ್ಟೇ ಆಗುತ್ತದೆ. ಬಸವಣ್ಣನ ಕಾಲದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುತ್ತಿದ್ದ ಶರಣ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅವನ ಹೆಂಡತಿ ಲಕ್ಕಮ್ಮ ಅದನ್ನು ಇದ್ದಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಅವಳು ಹಿಡಿದ ಅಳತೆಗೋಲು ತನಗೆ ಸಲ್ಲದ್ದನ್ನು ಒಳಗೆ ತರಬಾರದು ಎಂಬುದು. ಆಯುವವರಿಗೆ ಈ ಅಳತೆ ಇದ್ದರೆ, ಲಾಭ ಎಣಿಸುವವರಿಗೂ ಇರಬೇಕು.

ಸಂಬಳ ಏರಿಸಿದರೆ ಆರ್ಡರ್ ಬೇರೆ ದೇಶಕ್ಕೆ ಹೋಗುತ್ತದೆ ಎನ್ನುತ್ತಾರೆ. ಭಯ ಸುಳ್ಳಲ್ಲ, ಬಾಗಿಲು ಹಾಕಿದ ಫ್ಯಾಕ್ಟರಿಗಳನ್ನು ನಾನೂ ಕಂಡಿದ್ದೇನೆ. ಆದರೆ ಅಗ್ಗದ ಕೂಲಿ ನೋಡಿ ಬಂದ ಆರ್ಡರ್ ಇನ್ನೂ ಅಗ್ಗದ ಕಡೆ ಹೋಗಿಯೇ ಹೋಗುತ್ತದೆ. ಕೊರಿಯಾ ಅಂಗಿ ಹೊಲಿಯುತ್ತಲೇ ಉಳಿಯಲಿಲ್ಲ. ಕಲಿಯುತ್ತ ಹಡಗಿಗೆ, ಕಾರಿಗೆ, ಚಿಪ್‌ಗೆ ಏರಿತು, ಕೂಲಿಯೂ ಜೊತೆಗೆ ಏರಿತು. ನಾಳೆಯೂ ಇದೇ ಸಂಬಳ ಎಂದು ಗೊತ್ತಿದ್ದರೆ ಕಷ್ಟದ ಹೊಲಿಗೆ ಕಲಿಯಲು ಯಾರು ತಾನೇ ಮುಂದೆ ಬರುತ್ತಾರೆ?

ಹತ್ತು ವರ್ಷ ಕಾಲರ್ ಕೂರಿಸಿದವಳಿಗೂ ನಿನ್ನೆ ಸೇರಿದವಳಿಗೂ ಸಂಬಳದಲ್ಲಿ ಹೆಚ್ಚು ಅಂತರವಿಲ್ಲದ್ದನ್ನು ನಾನು ನೋಡುತ್ತಲೇ ಇದ್ದೇನೆ. ಹೊಸ ಹೊಲಿಗೆ ಕಲಿತ ತಿಂಗಳಲ್ಲೇ ಅವಳ ಗ್ರೇಡ್ ಏರಬೇಕು, ಅದು ಸಂಬಳದ ಚೀಟಿಯಲ್ಲಿ ಕಾಣಬೇಕು. ಇದನ್ನು ದಾನ ಎಂದು ಕೊಡುವುದೂ ಬೇಡ, ದಾನ ಎಂದು ಅವಳು ತೆಗೆದುಕೊಳ್ಳುವುದೂ ಬೇಡ. ಅವಳ ಕೈ ಪಳಗಿದ್ದರಿಂದ ಹುಟ್ಟಿದ ಲಾಭದಲ್ಲಿ ಅವಳ ಪಾಲು ಅವಳಿಗೆ ಸಲ್ಲುವುದೇ ಧರ್ಮ.