ಮಾತಾಡಲಾರದವನ ಹಕ್ಕು

ತಂದೆಯನ್ನೋ ತಾಯಿಯನ್ನೋ ಶಸ್ತ್ರಕ್ರಿಯೆಗೆ ಒಳಗೆ ಕಳುಹಿಸಿ, ಆಪರೇಶನ್ ಥಿಯೇಟರಿನ ಮುಚ್ಚಿದ ಬಾಗಿಲ ಮುಂದೆ ಕುಳಿತು ದುಆ ಮಾಡಿದ ಅನುಭವ ನಿಮಗಿರಬಹುದು. ಆಗ ನಮ್ಮ ಯೋಚನೆಯೆಲ್ಲ ಡಾಕ್ಟರರ ಕೈಯ ಮೇಲಿರುತ್ತದೆ. ರೋಗಿಯ ಹಿಮ್ಮಡಿ ಮೇಜಿಗೆ ಒತ್ತುತ್ತಿದೆಯೇ ಎಂದು ಬಗ್ಗಿ ನೋಡುವ ನರ್ಸನ್ನು ಯಾರು ನೆನೆಯುತ್ತಾರೆ?

ನಿದ್ರೆಯಲ್ಲಿ ನಾವು ಅರಿವಿಲ್ಲದೆಯೇ ಮಗ್ಗುಲು ಬದಲಿಸುತ್ತೇವೆ. ಒಂದೇ ಕಡೆ ಭಾರ ಬಿದ್ದರೆ ದೇಹ ನೋಯುತ್ತದೆ. ಆ ನೋವೇ ನಮ್ಮನ್ನು ಹೊರಳಿಸುತ್ತದೆ. ನೋವು ಕೂಡ ಅಲ್ಲಾಹನು ನೇಮಿಸಿದ ಒಬ್ಬ ಕಾವಲುಗಾರ. ಅರಿವಳಿಕೆ ಪಡೆದವನ ಬಳಿ ಈ ಕಾವಲುಗಾರನಿಲ್ಲ. ಎಲುಬಿಗೂ ಮೇಜಿಗೂ ನಡುವೆ ಸಿಕ್ಕಿದ ಚರ್ಮ ಮಾಂಸಗಳಿಗೆ ಬಹಳ ಹೊತ್ತು ರಕ್ತ ಹರಿಯದಿದ್ದರೆ ಅವು ಒಳಗಿಂದಲೇ ಸಾಯತೊಡಗುತ್ತವೆ. ಶಸ್ತ್ರಕ್ರಿಯೆ 2-3 ಗಂಟೆ ಮೀರಿದಂತೆ ಅಪಾಯ ಹೆಚ್ಚುತ್ತದೆ. ಇದನ್ನು ತಡೆಯಲು ನರ್ಸ್ ಮಾಡುವ ಕೆಲಸ ನೋಡಲು ಬಹಳ ಸಣ್ಣದು. ರೋಗಿಯನ್ನು ಎಳೆಯದೆ ಎತ್ತಿ ಮಲಗಿಸಬೇಕು, ಹಾಸಿನ ಸುಕ್ಕು ತೆಗೆಯಬೇಕು, ಹಿಮ್ಮಡಿ ಮೇಜಿಗೆ ತಾಗದಂತೆ ಕಾಲಿನ ಮೀನಖಂಡದ ಕೆಳಗೆ ಮೆತ್ತೆ ಇಡಬೇಕು. ಚರ್ಮ ತೊಳೆದ ಔಷಧ ಬೆನ್ನಡಿ ಹರಿದು ನಿಲ್ಲದಂತೆ ನೋಡಬೇಕು. ಕೊನೆಗೆ ಬೆನ್ನು, ಟೊಂಕ, ಹಿಮ್ಮಡಿಗಳನ್ನು ಪರೀಕ್ಷಿಸಿ ಕಂಡದ್ದನ್ನು ಬರೆದಿಡಬೇಕು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಇದನ್ನೆಲ್ಲ ಅವಳು ಮಾಡದಿದ್ದರೆ ಕೇಳುವವರು ಯಾರು? ರೋಗಿಗೆ ಏನೂ ತಿಳಿಯದು. ಹುಣ್ಣು ಕೂಡಲೇ ಕಾಣದೆ 2-3 ದಿನಗಳ ಬಳಿಕ ವಾರ್ಡಿನಲ್ಲಿ ಕಾಣಿಸಿಕೊಳ್ಳಬಹುದು. ಆಗ ದೂರು ವಾರ್ಡಿನ ನರ್ಸ್ ಮೇಲೆ ಬೀಳುತ್ತದೆ, ಇಲ್ಲವೇ ವಿಧಿಯ ಮೇಲೆ. ಅನ್ಯಾಯಕ್ಕೆ ಒಳಗಾದವನಿಗೇ ಅದರ ಅರಿವಿಲ್ಲದಿದ್ದರೆ ಅದು ಅನ್ಯಾಯವಾಗುವುದೇ?

ಮನುಷ್ಯರ ನ್ಯಾಯಾಲಯಕ್ಕೆ ಸಾಮಾನ್ಯವಾಗಿ ದೂರುದಾರ ಬೇಕು. ಅಲ್ಲಾಹನ ನ್ಯಾಯಾಲಯಕ್ಕೆ ಬೇಡ. ದಾಸರ ಹಕ್ಕುಗಳು ಅವರ ಅರಿವನ್ನು ಅವಲಂಬಿಸಿಲ್ಲ. ತೊಟ್ಟಿಲ ಅನಾಥ ಮಗುವಿಗೆ ತನ್ನ ಸೊತ್ತಿನ ಲೆಕ್ಕ ತಿಳಿಯದಿದ್ದರೂ ಅದನ್ನು ಕಬಳಿಸುವುದು ಮಹಾಪಾಪವೇ. ಪ್ರಜ್ಞೆ ತಪ್ಪಿದವನ ದೇಹವೂ ಅಂತಹ ಒಂದು ಅಮಾನತ್. ನೋಡದೆಯೇ ‘ಚರ್ಮ ಸರಿಯಿದೆ’ ಎಂದು ಬರೆದ ಕೈ, ಸೂರಃ ಯಾಸೀನ್ ಎಚ್ಚರಿಸುವಂತೆ, ಬಾಯಿಗೆ ಮುದ್ರೆ ಬೀಳುವ ಆ ದಿನ ತಾನೇ ಮಾತಾಡಲಿದೆ. ಕೆಂಪು ಕಲೆ ಕಂಡಾಗ ಅದನ್ನು ಬರೆದರೆ ತನ್ನ ಮೇಲೆಯೇ ಮಾತು ಬರಬಹುದು. ಆದರೂ ಬರೆಯುವುದು, ಸ್ವತಃ ತನಗೆ ವಿರುದ್ಧವಾದರೂ ಸತ್ಯಕ್ಕೆ ಸಾಕ್ಷಿ ನಿಲ್ಲಿರೆಂಬ ಆಜ್ಞೆಯ ಪಾಲನೆಯೇ.

ಎಷ್ಟೇ ಎಚ್ಚರವಹಿಸಿದರೂ ಕೆಲವು ರೋಗಿಗಳಿಗೆ ಗಾಯವಾಗುವುದುಂಟು. ಅದಕ್ಕಾಗಿ ನರ್ಸನ್ನು ದೂಷಿಸುವುದು ಸಲ್ಲದು. ಆದರೆ ಒಂಟೆಯನ್ನು ಕಟ್ಟಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಕಟ್ಟದೆ ಬಿಟ್ಟವನಿಗೆ ವಿಧಿಯ ಹೆಸರು ಹೇಳುವ ಅರ್ಹತೆಯಿಲ್ಲ.

ಶುಕ್ರವಾರದಂದು ನಮ್ಮಲ್ಲಿ ಅನೇಕರು ಓದುವ ಸೂರಃ ಅಲ್ ಕಹ್ಫನ್ನು ನೆನಪಿಸಿಕೊಳ್ಳಿ. ಗುಹೆಯಲ್ಲಿ ದೀರ್ಘಕಾಲ ಮಲಗಿದ್ದ ಆ ಯುವಕರನ್ನು ಅಲ್ಲಾಹನು ಬಲಕ್ಕೂ ಎಡಕ್ಕೂ ಹೊರಳಿಸುತ್ತಿದ್ದನೆಂದು ಅದರ 18ನೇ ವಚನ ತಿಳಿಸುತ್ತದೆ. ಮಣ್ಣು ಅವರ ದೇಹಗಳನ್ನು ತಿನ್ನದಿರಲೆಂದು ಹೀಗೆ ಮಾಡಲಾಯಿತೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ಬಯಸಿದ್ದರೆ ಹೊರಳಿಸದೆಯೂ ಅವರನ್ನು ಕಾಯಲು ಅಲ್ಲಾಹನು ಶಕ್ತನಾಗಿದ್ದ. ಆದರೂ ಈ ಸಣ್ಣ ಆರೈಕೆಯನ್ನು ಅವನು ತನ್ನ ಗ್ರಂಥದಲ್ಲಿ ಹೇಳಿದ. ಹೀಗಿರುವಾಗ ಅದನ್ನು ಕೀಳು ಕೆಲಸವೆನ್ನಲು ನಾವು ಯಾರು?

ಈ ಕೆಲಸ ಚೆನ್ನಾಗಿ ನಡೆದರೆ ಏನೂ ಸಂಭವಿಸುವುದಿಲ್ಲ. ಆಗದ ಗಾಯಕ್ಕೆ ಯಾರೂ ಕೃತಜ್ಞತೆ ಹೇಳುವುದಿಲ್ಲ. ಅಲ್ಲಾಹನು ನೋಡುತ್ತಿದ್ದಾನೆಂಬ ಅರಿವೊಂದೇ ಅಲ್ಲಿ ಆಸರೆ. ಇಹ್ಸಾನ್ ಎಂದರೆ ಇದೇ ಅಲ್ಲವೇ?

ಓದುಗರೇ, ನಿಮ್ಮ ಮನೆಯಲ್ಲೂ ಹಾಸಿಗೆ ಹಿಡಿದ ಹಿರಿಯರಿರಬಹುದು. ಅವರು ಬಾಯಿಬಿಟ್ಟು ಕೇಳದಿದ್ದರೂ ಇಂದು ರಾತ್ರಿ ಅವರ ಮಗ್ಗುಲು ಬದಲಿಸಿರಿ. ಯಾರೂ ನೋಡದ ಆ ಸೇವೆಯನ್ನು ಅಲ್ಲಾಹನು ಸ್ವೀಕರಿಸಲಿ, ಆಮೀನ್.