ದಡಕ್ಕೆ ಎಳೆದಿಟ್ಟ ತೆಪ್ಪ



ಧಮ್ಮ ಬಂಧುಗಳೇ, ಇಂದಿನ ಚಿಂತನೆಯ ಸರದಿ ನನ್ನದು. ಸುತ್ತದಿಂದ ಶುರು ಮಾಡಬೇಕಿತ್ತು, ಆದರೆ ಚಂದ್ರನಿಂದ ಶುರು ಮಾಡುತ್ತಿದ್ದೇನೆ. ಕ್ಷಮೆ ಇರಲಿ.

ಹೋದ ವಾರ ಗುಬ್ಬಿಯ ನಮ್ಮ ಶಾಲೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮಿಸ್, ಚಂದ್ರನ ಮೇಲಕ್ಕೆ ಹೋದೋರು ತಗೊಂಡೋಗಿದ್ ಸಾಮಾನೆಲ್ಲ ಈಗ ಎಲ್ಲೈತೆ?" ನಾನು ಕನ್ನಡ ಪಾಠ ಮಾಡುವವಳು. "ನಾಳೆ ಹೇಳ್ತೀನಿ, ಕೂತ್ಕೋ" ಎಂದೆ. ಆ ರಾತ್ರಿ ಓದುತ್ತಾ ಕೂತವಳಿಗೆ ಹನ್ನೊಂದು ಗಂಟೆಯಾದದ್ದು ಗೊತ್ತಾಗಲಿಲ್ಲ.

1969ರ ಜುಲೈನಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲೆ ಎರಡೂವರೆ ಗಂಟೆಯಷ್ಟು ಹೊತ್ತು ಓಡಾಡಿದರು. ಬೆನ್ನಿಗೆ ಒಂದು ದೊಡ್ಡ ಪೆಟ್ಟಿಗೆ. ಉಸಿರಾಡುವ ಗಾಳಿ, ಮೈ ತಂಪಾಗಿಡುವ ನೀರು ಎಲ್ಲ ಅದರಲ್ಲೇ. ಅದು ಕೆಟ್ಟರೆ ಜೀವ ಹೋದಂತೆಯೇ. ಕೆಲಸ ಮುಗಿಸಿ ನೌಕೆಯೊಳಗೆ ಬಂದ ಮೇಲೆ ಅವರು ಮತ್ತೊಮ್ಮೆ ಬಾಗಿಲು ತೆರೆದು ಅದೇ ಪೆಟ್ಟಿಗೆಗಳನ್ನು ಹೊರಗೆ ಎಸೆದರು. ಮೇಲ್ಬೂಟುಗಳೂ ಅಲ್ಲೇ ಉಳಿದವು. ಕ್ಯಾಮೆರಾಗಳಿಂದ ಫಿಲ್ಮ್ ಸುರುಳಿ ಬಿಚ್ಚಿಕೊಂಡು, ಓಡಾಡುವಾಗ ಬಳಸಿದ ಕ್ಯಾಮೆರಾವನ್ನೇ ಬಿಟ್ಟು ಬಂದರು. ಅವರನ್ನು ಇಳಿಸಿದ ನೌಕೆಯ ಕೆಳಭಾಗವೇ ಮೇಲೇಳಲು ಕಟ್ಟೆಯಾಯಿತು. ಅದೂ ಅಲ್ಲೇ ಇದೆ. ಯಾಕೆಂದರೆ ಸುಮಾರು 21.5 ಕಿಲೋ ಕಲ್ಲು ಮಣ್ಣು ತರಬೇಕಿತ್ತು, ಹೊರೆ ಇಳಿಸದೆ ಏಳುವಂತಿರಲಿಲ್ಲ.

ವಾಪಸ್ ಬಂದ ಸಾಮಾನಿನ ಕತೆ ಇನ್ನೂ ವಿಚಿತ್ರ. ಆಲ್ಡ್ರಿನ್ ಚಂದ್ರನ ಮೇಲೆ ಕಟ್ಟಿಕೊಂಡಿದ್ದ ಕೈಗಡಿಯಾರ ಮ್ಯೂಸಿಯಂಗೆ ಕಳಿಸುವಾಗ ದಾರಿಯಲ್ಲೇ ಕಳೆದುಹೋಯಿತು. (ಒಂದು ಕಾಲದಲ್ಲಿ ದೇಶಕ್ಕೆಲ್ಲ ಗಡಿಯಾರ ಮಾಡಿಕೊಟ್ಟ ನಮ್ಮ ತುಮಕೂರಿನ ಎಚ್‌ಎಂಟಿ ಕಾರ್ಖಾನೆಯೂ ಈಗಿಲ್ಲ, ಆ ಜಾಗ ಇಸ್ರೋ ಪಾಲಾಗಿದೆ.) ಆರ್ಮ್‌ಸ್ಟ್ರಾಂಗ್ 2012ರಲ್ಲಿ ತೀರಿಕೊಂಡ ಮೇಲೆ ಅವರ ಹೆಂಡತಿಗೆ ಮನೆಯ ಬೀರುವಿನಲ್ಲಿ ಒಂದು ಬಿಳಿ ಬಟ್ಟೆಯ ಚೀಲ ಸಿಕ್ಕಿತು. ಚಂದ್ರನ ಮೇಲೆ ಇಳಿಯುವುದನ್ನು ಕಿಟಕಿಯಿಂದ ಚಿತ್ರೀಕರಿಸಿದ ಕ್ಯಾಮೆರಾ ಅದರಲ್ಲಿತ್ತು. ಅಷ್ಟು ವರ್ಷ ಆ ಮನುಷ್ಯ ಅದನ್ನು ಯಾರಿಗೂ ತೋರಿಸಿ ಮೆರೆದಿರಲಿಲ್ಲ. ಕಲ್ಲು ತುಂಬಿ ತಂದ ಇನ್ನೊಂದು ಚೀಲ ಗುರುತು ತಪ್ಪಿ ಸರ್ಕಾರಿ ಹರಾಜಿನಲ್ಲಿ 995 ಡಾಲರಿಗೆ ಹೋಯಿತು. ಅದೇ ಚೀಲ 2017ರಲ್ಲಿ ನ್ಯೂಯಾರ್ಕಿನಲ್ಲಿ ಹದಿನೆಂಟು ಲಕ್ಷ ಡಾಲರಿಗೆ ಮಾರಾಟವಾಯಿತು. ಚೀಲ ಅದೇ, ಹಿಡಿದ ಕೈ ಬೇರೆ.

ನಮ್ಮದೂ ಅಲ್ಲಿದೆ. 2023ರ ಆಗಸ್ಟ್ 23ರಂದು ಇಳಿದ ವಿಕ್ರಮ್, ಅದರ ಮಗುವಿನಂಥ 26 ಕಿಲೋದ ಪ್ರಜ್ಞಾನ್. ಪೀಣ್ಯದಲ್ಲಿ ಕೂತು ನಡೆಸಿದ ಆ ಬಂಡಿ ನೂರು ಮೀಟರಿಗಿಂತ ಸ್ವಲ್ಪ ಹೆಚ್ಚು ಓಡಿ ಮಲಗಿತು. ರಾತ್ರಿ ಕಳೆದು ಬೆಳಗಾದಾಗ ಕರೆದರು, ಓಗೊಡಲಿಲ್ಲ. ಆ ಜಾಗಕ್ಕೆ ಇಟ್ಟ ಹೆಸರಿನ ವಿಚಾರ ಇಲ್ಲಿ ಬೇಡ. ನನಗೆ ಮುಖ್ಯವಾದದ್ದು ಅದರ ಚಕ್ರ: ಚಕ್ರದ ಮೇಲೆ ಅಶೋಕನ ಸಿಂಹಗಳ ಅಚ್ಚಿತ್ತು. ಬುದ್ಧರು ಮೊದಲ ಬಾರಿ ಧಮ್ಮ ಹೇಳಿದ ಸಾರನಾಥದ ಸಿಂಹಗಳು.

ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲಿ ಬುದ್ಧರು ಹೇಳುವ ತೆಪ್ಪದ ಹೋಲಿಕೆ ನಿಮಗೆಲ್ಲ ಗೊತ್ತು. ಹುಲ್ಲು, ಕಡ್ಡಿ, ಕೊಂಬೆ ಕಟ್ಟಿ ತೆಪ್ಪ ಮಾಡಿ ಹೊಳೆ ದಾಟಿದವನು, ಉಪಕಾರವಾಯಿತೆಂದು ಅದನ್ನು ತಲೆ ಮೇಲೆ ಹೊತ್ತು ನಡೆದರೆ ಸರಿಯೇ? ಧಮ್ಮವೂ ದಾಟುವುದಕ್ಕೆ, ಹೊತ್ತು ತಿರುಗುವುದಕ್ಕಲ್ಲ ಎನ್ನುತ್ತಾರೆ. ಬೆನ್ನಿನ ಪೆಟ್ಟಿಗೆ ಎಸೆದವರ ಕತೆ ಓದುವಾಗ ನನಗೆ ನೆನಪಾದದ್ದು ಇದೇ. ಆದರೆ ಅಂದು ನಿದ್ದೆ ಕೆಡಿಸಿದ್ದು ಬೇರೆ.

ಕುಣಿಗಲ್ ಕಡೆಯ ನಮ್ಮ ತವರಿನ ಹಳೇ ಮನೆಯನ್ನು ತಮ್ಮ ಕೆಡವುತ್ತಿದ್ದಾನೆ. ಅವನು ಫೋನ್ ಮಾಡಿ ಕೇಳಿದ್ದ: "ಅಕ್ಕ, ಅಟ್ಟದ ಮೇಲೆ ತಾತನ ತಮಟೆ ಐತೆ. ಏನ್ ಮಾಡಾನ?"

ತಾತ ಆ ತಮಟೆಯನ್ನು ತಾನಾಗಿ ಆರಿಸಿಕೊಂಡವನಲ್ಲ. ಜಾತ್ರೆಗೆ, ಸಾವಿಗೆ, ಊರಿಗೆ ಸಾರು ಹಾಕಲು ಕರೆದಾಗೆಲ್ಲ ಹೋಗಲೇಬೇಕು. ಬಾರಿಸಿ ಮುಗಿದ ಮೇಲೆ ದೂರ ನಿಂತು ಸೆರಗೊಡ್ಡಬೇಕು. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದು ನಮ್ಮ ಜನಕ್ಕೆ ಹೇಳಿದ್ದರ ಹಿಂದೆ ಇದ್ದದ್ದು ಇದೇ ಮಾತು: ಹೊರಿಸಿದ ಹೊರೆ ಇಳಿಸಿ. ಅಪ್ಪ ದೀಕ್ಷೆ ತೆಗೆದುಕೊಂಡ ವರ್ಷ ದೇವರ ಪಟಗಳನ್ನು ಕೆರೆಗೆ ಬಿಟ್ಟರು, ತಮಟೆಯನ್ನು ಮಾತ್ರ ಅಟ್ಟಕ್ಕೆ ಏರಿಸಿದರು. ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಈಗ ಅಪ್ಪನೂ ಇಲ್ಲ.

ಹಾಗಾಗಿ ಸುತ್ತವನ್ನು ಮತ್ತೆ ತೆಗೆದು ಓದಿದೆ. ದಾಟಿದವನು ಏನು ಮಾಡಬೇಕು ಎಂಬಲ್ಲಿ ಬುದ್ಧರು ಎರಡು ದಾರಿ ಹೇಳಿದ್ದಾರೆ, ಪಾಠ ಮಾಡುವಾಗ ನಾನು ಸದಾ ಒಂದನ್ನೇ ಹೇಳಿದ್ದೆ. ತೆಪ್ಪವನ್ನು ನೀರಿಗೆ ತೇಲಿ ಬಿಡಬಹುದು, ಇಲ್ಲವೇ ದಡಕ್ಕೆ ಎಳೆದಿಡಬಹುದು. ಎಳೆದಿಡುವುದೂ ಇಳಿಸಿದ್ದೇ. ತಾತನ ತಮಟೆ ತೆಪ್ಪವಲ್ಲ, ತಲೆ ಮೇಲೆ ಬೇರೆಯವರಿಟ್ಟ ಕಲ್ಲು ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಆ ತಮಟೆಗೆ ಬಂದ ಕಾಸಿನಲ್ಲೇ ಅಪ್ಪ ಓದಿದ್ದು.

ಮರುದಿನ ತರಗತಿಯಲ್ಲಿ ಎಲ್ಲ ಹೇಳಿದೆ. ಹುಡುಗಿ ಬಿಡಲಿಲ್ಲ: "ಹಂಗಾದ್ರೆ ಅಲ್ಲಿ ಕೆಲ್ಸ ಮಾಡೋ ಸಾಮಾನು ಒಂದೂ ಇಲ್ವಾ ಮಿಸ್?" ಇದೆ. ಆರ್ಮ್‌ಸ್ಟ್ರಾಂಗ್ ಜೋಡಿ ನೂರು ಪುಟ್ಟ ಗಾಜಿನ ಪಟ್ಟಕಗಳ ಒಂದು ಹಲಗೆ ಇಟ್ಟು ಬಂದಿದೆ. ವಿದ್ಯುತ್ ಬೇಡ, ಬ್ಯಾಟರಿ ಬೇಡ. ಭೂಮಿಯಿಂದ ಲೇಸರ್ ಬೆಳಕು ಬಿಟ್ಟರೆ ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ. ಹೀಗೆ ಅಳೆದೇ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿರುವುದು ನಿಖರವಾಗಿ ಗೊತ್ತಾದದ್ದು. ಮಲಗಿರುವ ನಮ್ಮ ವಿಕ್ರಮ್ ಮೇಲೂ ಅಂಥದೇ ಸಣ್ಣದೊಂದಿದೆ. 2023ರ ಡಿಸೆಂಬರ್ 12ರಂದು ಅಮೆರಿಕದ ನೌಕೆಯೊಂದು ನೂರು ಕಿಲೋಮೀಟರ್ ದೂರದಿಂದ ಬೆಳಕು ಬಿಟ್ಟಾಗ ಅದು ಉತ್ತರ ಕೊಟ್ಟಿತು.

ಮೊನ್ನೆ ಕುಣಿಗಲ್‌ಗೆ ಹೋಗಿ ತಮಟೆಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತುಮಕೂರಿಗೆ ತಂದೆ. ಮಗನಿಗೆ ಕಲಿಯುವ ಆಸೆ. ಕಾಲೇಜಿನಲ್ಲಿ ಅವನ ಗೆಳೆಯರು ವೇದಿಕೆ ಮೇಲೆ ತಮಟೆ ಬಾರಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅವ್ವ ಮಾತ್ರ ಅದರ ಕಡೆ ತಿರುಗಿಯೂ ನೋಡಲಿಲ್ಲ. "ನಿಮ್ ತಾತ ಇದನ್ನ ಹಿಡ್ಕಂಡು ಮಳೇಲಿ ನಿಂತಿದ್ದು ನಾನು ಕಂಡಿವ್ನಿ, ನಿನ್ ಮಗ ಕಂಡಿಲ್ಲ" ಎಂದಳು. ಇಬ್ಬರ ಮಾತೂ ಸುಳ್ಳಲ್ಲ.

ಚರ್ಮ ಒಂದು ಕಡೆ ಸೀಳಿದೆ. ಭಾನುವಾರ ಬೆಳಿಗ್ಗೆ ವಂದನೆಗೆ ಬರುವಾಗ ತರುತ್ತೇನೆ, ಅವ್ವನೂ ಬರುತ್ತಾಳೆ. ಹೊಸ ಚರ್ಮ ಕಟ್ಟಿಸುವುದೋ, ಹಾಗೇ ಇಡುವುದೋ ಮೊದಲು ಅವಳೇ ಹೇಳಲಿ. ನೀವೂ ಬನ್ನಿ.

ಜೈ ಭೀಮ್. ನಮೋ ಬುದ್ಧಾಯ.