ಅಂಗಳದ ಪ್ರಾರ್ಥನೆಯಲ್ಲಿ ‘ನಾವು’ ಯಾರು?

ಶಾಲೆಯ ಗಂಟೆ ಬಾರಿಸಿದೊಡನೆ ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಾರೆ. ಶಿಲುಬೆಯ ಗುರುತು, ಪ್ರಭು ಕಲಿಸಿದ ಪ್ರಾರ್ಥನೆ, ಒಂದು ಭಕ್ತಿಗೀತೆ, ಅನಂತರ ನಾಡಗೀತೆ, ದಿನದ ಸುದ್ದಿ, ಸುಭಾಷಿತ, ಕೊನೆಗೆ ರಾಷ್ಟ್ರಗೀತೆ. ಕರಾವಳಿಯ ಧರ್ಮಕೇಂದ್ರಗಳು ನಡೆಸುವ ಕನ್ನಡ ಮಾಧ್ಯಮದ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಈ ಕ್ರಮ ಹೆಚ್ಚುಕಡಿಮೆ ಹೀಗೆಯೇ ನಡೆದುಬಂದಿದೆ. ಬದಲಾಗಿರುವುದು ಸಾಲಿನಲ್ಲಿ ನಿಂತಿರುವ ಮಕ್ಕಳು. ನಮ್ಮ ಕ್ರೈಸ್ತ ಕುಟುಂಬಗಳು ತಮ್ಮ ಮಕ್ಕಳನ್ನು ಆಂಗ್ಲ ಮಾಧ್ಯಮಕ್ಕೆ ಕಳುಹಿಸತೊಡಗಿದ ಮೇಲೆ, ಈ ಶಾಲೆಗಳನ್ನು ಮುಚ್ಚದಂತೆ ಕಾಪಾಡಿದವರು ಬಿಲ್ಲವರ, ಮೊಗವೀರರ, ಬ್ಯಾರಿಗಳ ಹಾಗೂ ಉತ್ತರ ಕರ್ನಾಟಕದಿಂದ ಕೆಲಸ ಅರಸಿ ಬಂದ ಕುಟುಂಬಗಳ ಮಕ್ಕಳು. ಈ ಉಪಕಾರವನ್ನು ನಾವು ಬಾಯಿಬಿಟ್ಟು ಹೇಳುವುದು ಕಡಿಮೆ.

ಆ ಮಕ್ಕಳೆಲ್ಲರೂ ಕೈಜೋಡಿಸಿ ನಮ್ಮ ಪ್ರಾರ್ಥನೆಯನ್ನು ಹೇಳುತ್ತಾರೆ. ಅದು ಸರಿಯೇ? ಇತ್ತೀಚೆಗೆ ಈ ಪ್ರಶ್ನೆಯನ್ನು ಭಯದಿಂದ ಕೇಳುವುದು ರೂಢಿಯಾಗಿದೆ. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಶಾಲೆಯೊಂದರ ಪ್ರವೇಶ ಅರ್ಜಿಯಲ್ಲಿ ಬೈಬಲ್ ಕುರಿತ ಒಪ್ಪಿಗೆಯ ಮಾತು ವಿವಾದವಾದ ಮೇಲಂತೂ, ಸಂಚಾಲಕರು ಸೇರಿದಲ್ಲೆಲ್ಲ ಏನನ್ನು ಉಳಿಸಿಕೊಳ್ಳಬಹುದು, ಏನನ್ನು ಬಿಟ್ಟರೆ ಕ್ಷೇಮ ಎಂಬುದೇ ಚರ್ಚೆ. ನನ್ನ ಪ್ರಶ್ನೆ ಬೇರೆ. ದೂರು ಕೊಡುವವರು ಒಬ್ಬರೂ ಇಲ್ಲದ ಊರಿನಲ್ಲಿಯೂ ಅದು ಉಳಿಯುತ್ತದೆ. ಏಕೆಂದರೆ ಅದು ಪ್ರಾರ್ಥನೆ ಎಂದರೇನು ಎಂಬುದಕ್ಕೆ ಸಂಬಂಧಿಸಿದ್ದು.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡೋಣ. 1854ರಲ್ಲಿ ಆಂಗ್ಲ ಸರಕಾರದ ಶಿಕ್ಷಣ ಆದೇಶಪತ್ರವು ಖಾಸಗಿ ಶಾಲೆಗಳಿಗೆ ಅನುದಾನದ ದಾರಿ ತೆರೆದಾಗ, ಅಲ್ಲಿ ಕಲಿಸುವ ಧಾರ್ಮಿಕ ವಿಷಯಗಳ ಗೊಡವೆಗೆ ಪರಿವೀಕ್ಷಕರು ಹೋಗಬಾರದೆಂದು ಸೂಚಿಸಿತ್ತು. ಸ್ವತಂತ್ರ ಭಾರತದ ಸಂವಿಧಾನ ಹೆಚ್ಚು ಸೂಕ್ಷ್ಮವಾಗಿ ಯೋಚಿಸಿತು. ಅದರ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿತು. ಅದಕ್ಕೆ ಮೊದಲೇ, 28ನೆಯ ವಿಧಿಯ ಮೂರನೆಯ ಖಂಡ, ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಅವನ ಸಮ್ಮತಿಯಿಲ್ಲದೆ, ಅವನು ಅಪ್ರಾಪ್ತನಾದರೆ ಪೋಷಕರ ಸಮ್ಮತಿಯಿಲ್ಲದೆ, ಧಾರ್ಮಿಕ ಬೋಧನೆಯಲ್ಲಿ ಪಾಲ್ಗೊಳ್ಳುವಂತೆ ಅಥವಾ ಆರಾಧನೆಗೆ ಹಾಜರಾಗುವಂತೆ ಕಡ್ಡಾಯ ಮಾಡಬಾರದೆಂದು ವಿಧಿಸಿತು. ಹಕ್ಕು ನಮ್ಮದು, ಸಮ್ಮತಿ ಅವರದು.

ಆದರೆ ಸಮ್ಮತಿ ಎಂದರೇನು? ಜೂನ್ ತಿಂಗಳಲ್ಲಿ ಅರ್ಜಿಯ ಕೆಳಗೆ ಸಹಿ ಹಾಕುವ ತಾಯಿಯನ್ನು ನೆನೆಯೋಣ. ಆಕೆಗೆ ಬೇಕಾದುದು ಮಗುವಿಗೆ ಒಂದು ಜಾಗ, ಮಧ್ಯಾಹ್ನದ ಊಟ, ಹೊಡೆಯದ ಟೀಚರು. ಪ್ರಾರ್ಥನೆಯ ಬಗ್ಗೆ ಆಕ್ಷೇಪವಿದೆಯೇ ಎಂದು ಫಾದರ್ ಕೇಳಿದರೆ, “ನಿಮಗೆ ಹೇಗೆ ಸರಿ ಕಾಣುತ್ತದೋ ಹಾಗೆ ಮಾಡಿ ಫಾದರ್” ಎನ್ನುತ್ತಾಳೆ. ಇದನ್ನು ಸಮ್ಮತಿಯೆಂದು ನ್ಯಾಯಾಲಯ ಒಪ್ಪಬಹುದು. ಮನಸ್ಸಾಕ್ಷಿ ಅಷ್ಟು ಬೇಗ ಒಪ್ಪಬಾರದು. ಕೊಡುವವನ ಮುಂದೆ ಬೇಡಲು ಬಂದವರು ಹೇಳುವ ಹೌದು ಎಂಬ ಮಾತಿಗೆ ಪೂರ್ಣ ತೂಕವಿರುವುದಿಲ್ಲ.

ಹಲವು ವರ್ಷಗಳ ಹಿಂದೆ ಇಂಥದೇ ಒಂದು ಶಾಲೆಯಲ್ಲಿ ಮೂರನೆಯ ತರಗತಿಯ ಬ್ಯಾರಿ ಹುಡುಗಿಯೊಬ್ಬಳು ನನ್ನ ಬಳಿ ಬಂದು, “ಫಾದರ್, ನಾನು ಬಾಯಿ ಮಾತ್ರ ಆಡಿಸಿದರೆ ಸಾಕಾ?” ಎಂದು ಕೇಳಿದಳು. ಮನೆಯಲ್ಲಿ ಅವಳ ಅಜ್ಜಿ, ಆ ಪ್ರಾರ್ಥನೆ ನಮ್ಮದಲ್ಲ, ಹೇಳಬೇಡ ಎಂದಿದ್ದರು. ಶಾಲೆಯಲ್ಲಿ ಟೀಚರು, ಬಾಯಿ ಮುಚ್ಚಿ ನಿಲ್ಲಬಾರದು ಎಂದಿದ್ದರು. ಎಂಟು ವರ್ಷದ ಮಗು ಇಬ್ಬರನ್ನೂ ನೋಯಿಸದ ಒಂದು ಉಪಾಯವನ್ನು ಕಂಡುಕೊಂಡಿತ್ತು. ಬಾಯಿಯನ್ನೂ ಆಡಿಸಬೇಕಾಗಿಲ್ಲ, ಸುಮ್ಮನೆ ನಿಂತರೆ ಸಾಕು ಎಂದು ಹೇಳಿ ಕಳುಹಿಸಿದೆ. ಆದರೆ ಅವಳ ಪ್ರಶ್ನೆ ನನ್ನಲ್ಲಿ ಉಳಿಯಿತು. ದೇವರನ್ನು ಕುರಿತ ಪಾಠವೆಂದು ನಾವು ಭಾವಿಸಿದ್ದ ಹತ್ತು ನಿಮಿಷಗಳಲ್ಲಿ ಆ ಮಗು ಕಲಿಯುತ್ತಿದ್ದುದು ನಟನೆಯನ್ನು. ಪ್ರಾರ್ಥನೆಯ ಸಂದರ್ಭದಲ್ಲಿ ಪ್ರಭುವು ಕಟುವಾಗಿ ಖಂಡಿಸಿದ್ದು ಇದನ್ನೇ. ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ, ಜನರು ನೋಡಲೆಂದು ಬೀದಿ ಮೂಲೆಗಳಲ್ಲಿ ನಿಂತು ಪ್ರಾರ್ಥಿಸುವವರ ಕಪಟವನ್ನು ಅವರು ಬಯಲಿಗೆಳೆಯುತ್ತಾರೆ. ಅಲ್ಲಿ ಕಪಟಿಗಳು ಸ್ವಇಚ್ಛೆಯಿಂದ ಹಾಗಾದವರು. ಇಲ್ಲಿ ಮಗುವಿಗೆ ಕಪಟವನ್ನು ಕಲಿಸುವವರು ಹಿರಿಯರು.

ಪ್ರಾರ್ಥನೆಯೆಂದರೆ ಮನಸ್ಸನ್ನು ದೇವರೆಡೆಗೆ ಎತ್ತುವುದು ಎಂದರು ದಮಾಸ್ಕದ ಸಂತ ಯೊವಾನ್ನರು. ಮನಸ್ಸನ್ನು ಇನ್ನೊಬ್ಬರು ಎತ್ತಿಕೊಡಲಾಗದು. ಇನ್ನು ಪ್ರಭು ಕಲಿಸಿದ ಪ್ರಾರ್ಥನೆಯ ವಿಷಯ. ಅದು ತೀರಾ ಸರಳವೆಂದೂ ಯಾವ ಧರ್ಮದವರೂ ಹೇಳಬಹುದಾದದ್ದೆಂದೂ ನಮ್ಮಲ್ಲಿ ಹಲವರ ಅಭಿಪ್ರಾಯ. ಆದಿ ಧರ್ಮಸಭೆ ಹಾಗೆ ಭಾವಿಸಿರಲಿಲ್ಲ. ದೀಕ್ಷಾಸ್ನಾನವನ್ನು ತಾವಾಗಿಯೇ ಬಯಸಿ ಬಂದ ವಯಸ್ಕರಿಗೂ ಈ ಪ್ರಾರ್ಥನೆಯನ್ನು ಮೊದಲ ದಿನವೇ ಕೊಡುತ್ತಿರಲಿಲ್ಲ. ಬಹುಕಾಲದ ಸಿದ್ಧತೆಯ ಅನಂತರ, ಸ್ನಾನಕ್ಕೆ ಕೆಲವೇ ದಿನಗಳಿರುವಾಗ, ವಿಧಿಪೂರ್ವಕವಾಗಿ ಒಪ್ಪಿಸಿಕೊಡುತ್ತಿದ್ದರು. ಹಿಪ್ಪೋ ಪಟ್ಟಣದಲ್ಲಿ ಸಂತ ಆಗಸ್ಟೀನರು ಇಂಥ ಸಂದರ್ಭದಲ್ಲಿ ಮಾಡಿದ ಪ್ರಬೋಧನೆಗಳು ಇಂದಿಗೂ ಉಳಿದಿವೆ. ದೇವರನ್ನು ತಂದೆಯೆಂದು ಕರೆಯುವುದು ಮಗನಾದವನ ಧೈರ್ಯ ಎಂಬುದು ಅವರ ತಿಳಿವಳಿಕೆ. ಕೇಳಿಕೊಂಡು ಬಂದವರನ್ನೇ ಕಾಯಿಸಿದ ಆ ಪ್ರಾರ್ಥನೆಯನ್ನು ನಾವು ಕೇಳದ ಮಕ್ಕಳಿಂದ ದಿನಾ ಬೆಳಿಗ್ಗೆ ಹೇಳಿಸುತ್ತಿದ್ದೇವೆ.

ಇಲ್ಲಿ ಭಾಷೆಯೂ ನಮ್ಮನ್ನು ಮರೆಸುತ್ತದೆ. ಕನ್ನಡದ ‘ನಾವು’, ‘ನಮ್ಮ’ ಎಂಬ ಪದಗಳು ಎದುರಿಗಿರುವವನನ್ನು ಸೇರಿಸಿಕೊಂಡು ಹೇಳಿದ್ದೋ, ಹೊರಗಿಟ್ಟು ಹೇಳಿದ್ದೋ ಎಂಬುದನ್ನು ತೋರಿಸುವುದಿಲ್ಲ. ತುಳುವಿನಲ್ಲಿ ಈ ಮರೆ ಇಲ್ಲ. ನೀನೂ ಸೇರಿ ಎನ್ನುವಾಗ ‘ನಮ’. ನೀನಲ್ಲದೆ ನಾವು ಎನ್ನುವಾಗ ‘ಎಂಕುಲು’. ನಮ್ಮ ಅಂಗಳದ ಬಹುಪಾಲು ಮಕ್ಕಳಿಗೆ ಈ ಭೇದ ಶಾಲೆಗೆ ಬರುವ ಮೊದಲೇ ಗೊತ್ತು. ಪ್ರಾರ್ಥನೆಯ ‘ನಮ್ಮ’ ಎಂಬುದು ಇವೆರಡರಲ್ಲಿ ಯಾವುದು? ದೇವರು ಸಮಸ್ತ ಮಾನವರ ತಂದೆ. ಆ ಅರ್ಥದಲ್ಲಿ ಅದು ‘ನಮ’. ಆದರೆ ಅದನ್ನು ಹಾಗೆ ಸ್ವೀಕರಿಸುವ ಅಧಿಕಾರ ಆ ಮಗುವಿನದು ಮತ್ತು ಅದರ ಮನೆಯದು. ಅವರ ಪರವಾಗಿ ನಾವು ಅದನ್ನು ಘೋಷಿಸಿದರೆ, ಅತಿಥಿಯನ್ನು ಕೇಳದೆ ಮನೆಯ ಪಡಿತರ ಚೀಟಿಯಲ್ಲಿ ಅವನ ಹೆಸರು ಬರೆಸಿದಂತೆ.

ಗುರುಮಿತ್ರರು ಒಂದು ಆಕ್ಷೇಪ ಎತ್ತುವುದುಂಟು. ಕಾರ್ಕಳದ ಅತ್ತೂರಿಗೆ ಜನವರಿಯ ಜಾತ್ರೆಯಲ್ಲಿ ಎಲ್ಲ ಮತದವರೂ ಬಂದು ಸಂತ ಲಾರೆನ್ಸರ ಮುಂದೆ ಮೇಣದಬತ್ತಿ ಹಚ್ಚುವುದಿಲ್ಲವೇ, ಅವರಿಗಿಲ್ಲದ ಸಂಕೋಚ ನಿಮಗೇಕೆ ಎನ್ನುತ್ತಾರೆ. ಹಚ್ಚುತ್ತಾರೆ, ನಿಜ, ನೋಡಿ ಸಂತೋಷಪಡಬೇಕಾದ ಸಂಗತಿ ಅದು. ಆದರೆ ಅತ್ತೂರಿಗೆ ಬರುವ ತಾಯಿ ತನ್ನ ದುಡ್ಡಿನಲ್ಲಿ ಬಸ್ಸು ಹತ್ತಿ, ತನ್ನ ಹರಕೆಯನ್ನು ಹೊತ್ತು, ತಾನಾಗಿ ಬಂದವಳು. ಬೇಡವೆನಿಸಿದರೆ ಬಾಗಿಲಿನಿಂದಲೇ ಹಿಂತಿರುಗಬಲ್ಲಳು. ಬೆಳಗಿನ ಸಾಲಿನಲ್ಲಿರುವ ಮಗುವಿಗೆ ಆ ಬಾಗಿಲಿಲ್ಲ.

ಈ ವಿಚಾರದಲ್ಲಿ ನಮ್ಮ ಪರಂಪರೆ ಮೌನವಾಗಿಲ್ಲ. ಸಂತ ಥಾಮಸ್ ಅಕ್ವಿನಾಸರು ‘ಸುಮ್ಮ ಥಿಯೊಲಾಜಿಕ’ದ ಎರಡನೆಯ ಭಾಗದಲ್ಲಿ, ಯೆಹೂದ್ಯರ ಮಕ್ಕಳಿಗೆ ಅವರ ತಂದೆತಾಯಿಗಳ ಇಚ್ಛೆಗೆ ವಿರುದ್ಧವಾಗಿ ದೀಕ್ಷಾಸ್ನಾನ ಕೊಡಬಹುದೇ ಎಂಬ ಪ್ರಶ್ನೆಯನ್ನೆತ್ತಿ, ಕೂಡದು ಎನ್ನುತ್ತಾರೆ. ವಿವೇಚನಾ ಶಕ್ತಿ ಬರುವವರೆಗೆ ಮಗು ತಂದೆತಾಯಿಗಳ ಆರೈಕೆಯಲ್ಲಿರುವುದು ನಿಸರ್ಗದ ನ್ಯಾಯ. ಅದನ್ನು ಮೀರುವುದು ಮಗುವಿನ ಆತ್ಮದ ಹಿತಕ್ಕಾಗಿಯೇ ಆದರೂ ಅನ್ಯಾಯ ಎಂಬುದು ಅವರ ವಾದ. ಇದು ಹದಿಮೂರನೆಯ ಶತಮಾನದ ಮಾತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್‌ನಲ್ಲಿ ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ, ತಂದೆತಾಯಿಗಳ ವಿಶ್ವಾಸಕ್ಕೆ ಹೊಂದದ ಪಾಠಗಳಿಗೆ ಮಕ್ಕಳನ್ನು ಬಲವಂತವಾಗಿ ಕೂರಿಸುವುದು ತಂದೆತಾಯಿಗಳ ಹಕ್ಕಿನ ಉಲ್ಲಂಘನೆ ಎಂದಿತು. ಆ ಘೋಷಣೆಯ ಮಾತು ಸರಕಾರಗಳನ್ನು ಉದ್ದೇಶಿಸಿದ್ದು. ನಮ್ಮ ಮಕ್ಕಳಿಗಾಗಿ ನಾವು ಇನ್ನೊಬ್ಬರಲ್ಲಿ ಕೇಳಿದ ನ್ಯಾಯ. ಕೇಳಿದ ನ್ಯಾಯವನ್ನು ಕೊಡುವ ಸರದಿ ಬಂದಾಗ ನಾವು ಅಲ್ಪಸಂಖ್ಯಾತರೆಂಬ ನೆಪ ಸಲ್ಲದು.

ಪವಿತ್ರ ಗ್ರಂಥದಲ್ಲಿ ಈ ಸಂಕಟವನ್ನು ಬಲ್ಲವನೊಬ್ಬನಿದ್ದಾನೆ. ಕುಷ್ಠದಿಂದ ಗುಣಹೊಂದಿದ ಸಿರಿಯದ ಸೇನಾಪತಿ ನಾಮಾನನ ಕಥೆ ನಮಗೆಲ್ಲ ಗೊತ್ತು. ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗಿದ್ದನ್ನು ಮಕ್ಕಳಿಗೂ ಹೇಳುತ್ತೇವೆ. ಕಥೆಯ ಕೊನೆಯನ್ನು ಮಾತ್ರ ಬಿಟ್ಟುಬಿಡುತ್ತೇವೆ. ಇನ್ನು ಮುಂದೆ ಇಸ್ರಯೇಲಿನ ದೇವರನ್ನಲ್ಲದೆ ಬೇರೆಯವರನ್ನು ಆರಾಧಿಸುವುದಿಲ್ಲವೆಂದ ನಾಮಾನನು ಪ್ರವಾದಿ ಎಲೀಷನಲ್ಲಿ ಒಂದು ಕ್ಷಮೆ ಬೇಡುತ್ತಾನೆ. ಅವನ ರಾಜ ರಿಮ್ಮೋನನ ಗುಡಿಗೆ ಹೋಗುವಾಗ ಅವನ ಕೈಯನ್ನೇ ಆಸರೆ ಹಿಡಿಯುತ್ತಾನೆ. ರಾಜ ಬಾಗಿದಾಗ ಇವನೂ ಬಾಗಬೇಕಾಗುತ್ತದೆ. ಅದೊಂದನ್ನು ದೇವರು ಮನ್ನಿಸಲಿ ಎಂದು ಕೇಳುತ್ತಾನೆ. ಎಲೀಷ ವಾದಿಸದೆ ಸಮಾಧಾನದಿಂದ ಹೋಗೆಂದು ಹರಸುತ್ತಾನೆ. ನಾನು ಇದನ್ನೋದುವಾಗಲೆಲ್ಲ ನಮ್ಮ ಶಾಲೆ ಈ ಕಥೆಯಲ್ಲಿ ಎಲ್ಲಿದೆಯೆಂದು ಯೋಚಿಸುತ್ತೇನೆ. ಎಲೀಷನ ಸ್ಥಾನದಲ್ಲಿರಲು ನಮಗೆ ಆಸೆ. ಆ ಹುಡುಗಿಯ ಪಾಲಿಗಂತೂ ಕೈ ಹಿಡಿದು ಬಾಗಿಸುವ ರಾಜ ನಾವೇ.

ಹಾಗಾದರೆ ಪ್ರಾರ್ಥನೆಯನ್ನೇ ಬಿಟ್ಟುಬಿಡೋಣವೇ? ಈಗಾಗಲೇ ಕೆಲವರು ಹಿಡಿದಿರುವ ಈ ದಾರಿ ನನಗೆ ಒಪ್ಪಿಗೆಯಿಲ್ಲ. ದೇವರ ಹೆಸರನ್ನೆಲ್ಲ ತೆಗೆದು ‘ಶಕ್ತಿ’, ‘ಬೆಳಕು’ ಎಂಬ ಯಾರನ್ನೂ ಕುರಿತಲ್ಲದ ಪದಗಳನ್ನು ತುಂಬಿದ ಪ್ರಾರ್ಥನೆಗಳನ್ನು ನಾನು ಕೇಳಿದ್ದೇನೆ. ಅವು ಯಾರನ್ನೂ ನೋಯಿಸುವುದಿಲ್ಲ, ಯಾರನ್ನೂ ಮುಟ್ಟುವುದೂ ಇಲ್ಲ. ನೀತಿಪಾಠದ ಗತಿಯೂ ಅದೇ: ಉಗುರು ಕತ್ತರಿಸು, ಸಮಯಕ್ಕೆ ಬಾ, ಹಿರಿಯರಿಗೆ ಎದುರಾಡಬೇಡ. ಒಳ್ಳೆಯ ಮಾತುಗಳೇ, ಆದರೆ ಇಷ್ಟಕ್ಕಾಗಿ ಕ್ರೈಸ್ತ ಶಾಲೆ ಬೇಕೇ? 1926ರಲ್ಲಿ ಗಾಂಧೀಜಿ ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳಿಗೆ ಹೊಸ ಒಡಂಬಡಿಕೆಯನ್ನು ಓದಿ ಹೇಳಿದಾಗ ಟೀಕೆ ಬಂತು. ಅವರು ಓದನ್ನು ಸಮರ್ಥಿಸಿಕೊಂಡರು. ವಿದ್ಯಾರ್ಥಿಗಳೇ ಕೇಳಿಕೊಂಡಿದ್ದರೆಂಬುದನ್ನು ತಿಳಿಸಿದರು. ಓದುವುದರಲ್ಲಿ ತಪ್ಪಿಲ್ಲ, ಕೇಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಕಥೋಲಿಕ ಶಿಕ್ಷಣಕ್ಕಾಗಿರುವ ರೋಮಿನ ಪೀಠ 1988ರಲ್ಲಿ ಪ್ರಕಟಿಸಿದ ದಸ್ತಾವೇಜು, ಶುಭಸಂದೇಶವನ್ನು ಸಾರುವುದು ಬೇರೆ, ಹೇರುವುದು ಬೇರೆ ಎಂದು ಸ್ಪಷ್ಟಪಡಿಸಿತು. ಧರ್ಮದ ಬಗ್ಗೆ ತಿಳಿಸುವ ಪಾಠಕ್ಕೂ ವಿಶ್ವಾಸದಲ್ಲಿ ಬೆಳೆಸುವ ಧರ್ಮೋಪದೇಶಕ್ಕೂ ಇರುವ ವ್ಯತ್ಯಾಸವನ್ನೂ ಗುರುತಿಸಿತು.

ಆ ವ್ಯತ್ಯಾಸವನ್ನು ನಾವು ಗೋಡೆಯ ಮೂಲಕ ಜಾರಿಗೆ ತಂದೆವು. ವಾರಕ್ಕೆರಡು ಅವಧಿ ಕ್ರೈಸ್ತ ಮಕ್ಕಳು ಒಂದು ಕೋಣೆಗೆ, ಉಳಿದವರು ಇನ್ನೊಂದಕ್ಕೆ. ಜೊತೆಯಲ್ಲಿ ಬುತ್ತಿ ಬಿಚ್ಚುವ ಮಕ್ಕಳಿಗೆ ತಾವು ಎರಡು ಜಾತಿಯೆಂಬುದನ್ನು ವೇಳಾಪಟ್ಟಿಯೇ ಕಲಿಸುತ್ತದೆ. ಧರ್ಮೋಪದೇಶ ಭಾನುವಾರ ಬಲಿಪೂಜೆಯ ಅನಂತರ ಧರ್ಮಕೇಂದ್ರದಲ್ಲಿ ನಡೆಯಲಿ. ಅದು ಅಲ್ಲಿಗೆ ಸೇರಿದ್ದು. ಇಷ್ಟವಿಲ್ಲದವರು ಹೊರಗೆ ಹೋಗಬಹುದು ಎಂಬ ರಿಯಾಯಿತಿಯೂ ಸಾಲದು. 2025ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ, ಉತ್ತರ ಐರ್ಲೆಂಡಿನ ಪ್ರಾಥಮಿಕ ಶಾಲೆಯೊಂದರ ಕ್ರೈಸ್ತ ಧಾರ್ಮಿಕ ಶಿಕ್ಷಣ ಹಾಗೂ ಸಾಮೂಹಿಕ ಆರಾಧನೆಯನ್ನು ಕುರಿತ ತೀರ್ಪಿನಲ್ಲಿ ಈ ಅಂಶವನ್ನೇ ಎತ್ತಿಹಿಡಿಯಿತು: ಮಗುವನ್ನು ಹೊರಗಿರಿಸಿಕೊಳ್ಳುವ ಹಕ್ಕು ಇದ್ದರೂ, ಅದನ್ನು ಬಳಸಿದರೆ ಮಗು ಎಲ್ಲರ ಕಣ್ಣಿಗೆ ಬೇರೆಯಾಗಿ ಬೀಳುವ ಭಯದಿಂದ ಹೆತ್ತವರು ಹಿಂಜರಿಯುತ್ತಾರೆ. ಅದು ಸರಕಾರಿ ಹಣದಿಂದ ನಡೆಯುವ ಶಾಲೆ, ಬೇರೆ ದೇಶದ ಕಾನೂನು. ಮಗುವಿನ ಅಂಜಿಕೆ ಮಾತ್ರ ಅಲ್ಲೂ ಇಲ್ಲೂ ಒಂದೇ.

ನಮ್ಮ ದೇಶದಲ್ಲಿ 1986ರ ಇನ್ನೊಂದು ತೀರ್ಪಿದೆ. ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದುನಿಂತು, ಆದರೆ ಹಾಡದೆ ಇದ್ದುದಕ್ಕಾಗಿ ಕೇರಳದ ಶಾಲೆಯೊಂದರಿಂದ ಹೊರಹಾಕಲ್ಪಟ್ಟ, ಯೆಹೋವನ ಸಾಕ್ಷಿಗಳ ಪಂಗಡದ ಮೂವರು ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಮೌನವಾಗಿ ನಿಲ್ಲುವುದು ಅಗೌರವವಲ್ಲ ಎಂಬುದು ಅದರ ಸಾರ. ಆ ಪಂಗಡದ ಬೋಧನೆ ನಮಗೆ ಸಮ್ಮತವಲ್ಲ. ಆ ಮಕ್ಕಳ ಮೌನದಲ್ಲಿ ನಮಗೊಂದು ದಾರಿಯಿದೆ. ಬೆಳಗಿನ ಸಭೆಯಲ್ಲಿ ಕ್ರೈಸ್ತ ಪ್ರಾರ್ಥನೆ ಕ್ರೈಸ್ತ ಪ್ರಾರ್ಥನೆಯಾಗಿಯೇ ಇರಲಿ. ವಿಶ್ವಾಸವುಳ್ಳ ಒಬ್ಬರು ಅದನ್ನು ನಿಧಾನವಾಗಿ, ಅರ್ಥವಿಟ್ಟು, ಗಟ್ಟಿಯಾಗಿ ಹೇಳಲಿ; ತಮ್ಮದೆನಿಸಿದವರು ದನಿಗೂಡಿಸಲಿ. ಅನಂತರ ಒಂದು ನಿಮಿಷ ಎಲ್ಲರೂ ಮೌನ. ಆ ನಿಮಿಷದಲ್ಲಿ ಯಾರ ತುಟಿ ಆಡುತ್ತದೆ, ಯಾರ ಕಣ್ಣು ತೆರೆದಿದೆ ಎಂದು ಸಾಲಿನ ನಡುವೆ ಯಾರೂ ಬೆತ್ತ ಹಿಡಿದು ತಿರುಗಬಾರದು. ಮೌನ ಎಲ್ಲರಿಗೂ ಸೇರಿದ್ದಾದರೆ ಸುಮ್ಮನೆ ನಿಂತ ಮಗು ಬೇರೆಯಾಗಿ ಕಾಣುವುದಿಲ್ಲ. ನಮ್ಮ ಕ್ರೈಸ್ತ ಮಗುವಿಗೂ ಇದರಿಂದ ಲಾಭ: ಇನ್ನೂರು ಗಂಟಲುಗಳ ಗದ್ದಲದಲ್ಲಿ ಅಡಗಿದ್ದ ಅದರ ಪ್ರಾರ್ಥನೆ ಅದರದೇ ಆಗುತ್ತದೆ. ತರಗತಿಯಲ್ಲಿ ಕ್ರಿಸ್ಮಸ್ ಬಗ್ಗೆ ಕಲಿಸುವಾಗ ‘ಕ್ರೈಸ್ತರು ಹೀಗೆ ನಂಬುತ್ತಾರೆ’ ಎಂಬ ವಾಕ್ಯ ಸಾಕು; ಅದೇ ಬಾಯಿಯಿಂದ ರಮಜಾನಿನ ಉಪವಾಸವನ್ನೂ ಚೌತಿಯನ್ನೂ ಅಷ್ಟೇ ಆದರದಿಂದ ವಿವರಿಸಬೇಕು.

2023ರ ಜೂನ್‌ನಲ್ಲಿ ಕರ್ನಾಟಕ ಸರಕಾರ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯ ಓದನ್ನು ಕಡ್ಡಾಯಗೊಳಿಸಲು ನಿರ್ಧರಿಸಿತು. 2024ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಶಿಕ್ಷಣ ವಿಭಾಗ ಪ್ರಕಟಿಸಿದ ಮಾರ್ಗಸೂಚಿಯೂ ಬೆಳಗಿನ ಸಭೆಯಲ್ಲಿ ಅದನ್ನು ಓದಿಸುವಂತೆ, ಅನ್ಯಧರ್ಮೀಯ ಮಕ್ಕಳ ಮೇಲೆ ನಮ್ಮ ಆಚರಣೆಗಳನ್ನು ಹೇರದಂತೆ ಹೇಳಿತು. ಸ್ವಾಗತಾರ್ಹ. ಆದರೆ ಪೀಠಿಕೆಯನ್ನೂ ತುಟಿಯಾಡಿಸುವ ಪಾಠ ಮಾಡಿಬಿಡುವ ಸಾಮರ್ಥ್ಯ ನಮ್ಮ ಶಾಲೆಗಳಿಗಿದೆ.

ಇನ್ನು ಶಿಕ್ಷಕರ ವಿಷಯ. ನಮ್ಮ ಅನೇಕ ಶಾಲೆಗಳಲ್ಲಿ ಪ್ರಾರ್ಥನೆಯನ್ನು ನಡೆಸಿಕೊಡುವವರೇ ಹಿಂದೂ ಅಥವಾ ಮುಸ್ಲಿಮ್ ಶಿಕ್ಷಕಿಯರು. ಪಾಳಿಯ ಪ್ರಕಾರ ಅವರ ಸರದಿ ಬಂದಾಗ ಶಿಲುಬೆಯ ಗುರುತಿನಿಂದ ಆರಂಭಿಸುತ್ತಾರೆ. ಮನಸ್ಸಿನಲ್ಲಿ ಏನಿದೆಯೆಂದು ಅವರನ್ನು ಕೇಳಿದವರು ಕಡಿಮೆ. ಮಗುವಿಗೆ ಕನಿಷ್ಠ ಒಬ್ಬಳು ಅಜ್ಜಿಯಾದರೂ ಮಾತನಾಡುತ್ತಾಳೆ. ಸಂಬಳಕ್ಕೆ ಸಂಚಾಲಕರ ಸಹಿ ಬೇಕಾದ ಶಿಕ್ಷಕಿಯ ಪರವಾಗಿ ಯಾರೂ ಇಲ್ಲ. ಶಾಲೆ ಆರಂಭವಾಗುವ ಮೊದಲು ನಡೆಯುವ ಶಿಕ್ಷಕರ ಸಭೆಯಲ್ಲಿ ಸಮವಸ್ತ್ರ, ವೇಳಾಪಟ್ಟಿಗಳ ಮಾತು ಮುಗಿದ ಮೇಲೆ ಈ ಪ್ರಶ್ನೆಯನ್ನೂ ಎತ್ತಬಹುದು. ಫಾದರ್ ಮೊದಲು ಮಾತನಾಡದೆ ಸ್ವಲ್ಪ ಹೊತ್ತು ಕೇಳಿಸಿಕೊಂಡರೆ ಒಳಿತು.